ಎಲ್ಲೂ ಜೋಡಣೆ ಕಾಣದ ಟೈಮಿಂಗ್ ಬೆಲ್ಟ್ ಹೇಗೆ ತಯಾರಾಗುತ್ತದೆ?

ಪ್ರಶ್ನೆ: ಕಾರಿನ ಟೈಮಿಂಗ್ ಬೆಲ್ಟ್ ಬದಲಾಯಿಸಿದ ಮೇಲೆ ಮೆಕ್ಯಾನಿಕ್ ಹಳೆಯದನ್ನು ನನ್ನ ಕೈಗೆ ಕೊಟ್ಟರು. ಎಷ್ಟು ತಿರುಗಿಸಿ ನೋಡಿದರೂ ಅದರಲ್ಲಿ ಜೋಡಿಸಿದ ಗುರುತೇ ಸಿಗಲಿಲ್ಲ. ಇದರ ಹಲ್ಲುಗಳನ್ನು ಆಮೇಲೆ ಅಂಟಿಸುತ್ತಾರೆಯೇ, ಇಲ್ಲ ಕೊರೆಯುತ್ತಾರೆಯೇ? ನೋಡಲು ಚೆನ್ನಾಗಿಯೇ ಇದ್ದ ಈ ಬೆಲ್ಟನ್ನು ಬದಲಾಯಿಸುವ ಅಗತ್ಯ ನಿಜವಾಗಿಯೂ ಇತ್ತೇ?

ಉತ್ತರ: ಹಲ್ಲುಗಳನ್ನು ಅಂಟಿಸುವುದೂ ಇಲ್ಲ, ಕೊರೆಯುವುದೂ ಇಲ್ಲ. ಬೆಲ್ಟ್‌ಗಳನ್ನು ಒಂದೊಂದಾಗಿ ಮಾಡುವುದೂ ಇಲ್ಲ. ಸುಮಾರು ಒಂದು ಮೀಟರ್ ಉದ್ದದ, ಒಳಮೈ ತುಂಬ ಹಲ್ಲುಗಳಿರುವ ರಬ್ಬರ್ ಕೊಳವೆಯೊಂದನ್ನು ಮೊದಲು ಅಚ್ಚಿನ ಮೇಲೆ ಬೇಯಿಸಿ, ಅಂದರೆ ಕಾಯಿಸಿ ಗಟ್ಟಿಮಾಡಿ, ತೆಗೆಯುತ್ತಾರೆ. ಕಾರ್ಖಾನೆಯಲ್ಲಿ ಅದಕ್ಕೆ ಸ್ಲೀವ್ ಎನ್ನುತ್ತಾರೆ. ಆ ಸ್ಲೀವನ್ನು ಬಳೆಗಳಂತೆ ಅಡ್ಡಡ್ಡ ಕತ್ತರಿಸಿದರೆ ಪ್ರತಿಯೊಂದು ತುಂಡೂ ಒಂದು ಬೆಲ್ಟ್. 25.4 ಮಿ.ಮೀ. ಅಗಲದ ಬೆಲ್ಟ್ ಆದರೆ, ಎರಡೂ ತುದಿಯ ಕೆಡುಕು ಭಾಗ ತೆಗೆದು ಉಳಿದ 90 ಸೆಂ.ಮೀ.ನಲ್ಲಿ 35 ಬೆಲ್ಟ್ ಸಿಗುತ್ತವೆ. ಜೋಡಣೆ ನಿಮಗೆ ಕಾಣದಿರಲು ಕಾರಣ ಇದೇ.

ತಯಾರಿಕೆಗೆ ಹೋಗುವ ಮುನ್ನ ಈ ಬೆಲ್ಟ್ ಮೇಲೆ ಬೀಳುವ ಕೆಲಸದ ಅಂದಾಜು ಇರಲಿ. ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್‌ಶಾಫ್ಟಿಗೂ ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟಿಗೂ ಕೊಂಡಿ ಈ ಬೆಲ್ಟೇ. ಫೋರ್ ಸ್ಟ್ರೋಕ್ ಎಂಜಿನ್‌ನಲ್ಲಿ ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ತಿರುಗಿದರೆ ಕ್ಯಾಮ್‌ಶಾಫ್ಟ್ ಒಂದು ಸುತ್ತು ತಿರುಗಬೇಕು, ಅದೂ ಒಂದು ಹಲ್ಲಿನಷ್ಟೂ ಆಚೀಚೆ ಆಗದಂತೆ. ಕ್ರ್ಯಾಂಕ್ ಪುಲ್ಲಿಗೆ 20 ಹಲ್ಲು, ಒಂದು ಹಲ್ಲಿನಿಂದ ಇನ್ನೊಂದು ಹಲ್ಲಿಗೆ ಇರುವ ಅಂತರ, ಅಂದರೆ ಪಿಚ್, 9.525 ಮಿ.ಮೀ. ಎಂದಿಟ್ಟುಕೊಳ್ಳಿ. ನಿಮಿಷಕ್ಕೆ 6000 ಸುತ್ತಿನಲ್ಲಿ ಬೆಲ್ಟ್ ಸೆಕೆಂಡಿಗೆ 19 ಮೀಟರ್ ಓಡುತ್ತದೆ. 121 ಹಲ್ಲಿನ ಬೆಲ್ಟ್ ಆದರೆ ಒಂದೇ ಸೆಕೆಂಡಿನಲ್ಲಿ 16 ಬಾರಿಗಿಂತ ಹೆಚ್ಚು ಪೂರ್ತಿ ಸುತ್ತು ಹಾಕಿ, ಪ್ರತಿ ಸುತ್ತಿನಲ್ಲೂ ನಾಲ್ಕೈದು ಪುಲ್ಲಿಗಳ ಮೇಲೆ ಬಾಗಿ ನೆಟ್ಟಗಾಗುತ್ತದೆ. ಇದೆಲ್ಲ ನಡೆಯುವುದು ನೂರು ಡಿಗ್ರಿ ಮೀರುವ ಕಾವಿನಲ್ಲಿ. ಅಷ್ಟಾದರೂ ಅದು ಹಿಗ್ಗಬಾರದು. ರಬ್ಬರ್ ಒಂದರಿಂದಲೇ ಇದು ಆಗದ ಮಾತು. ಉದ್ದ ಕಾಯುವ ಕೆಲಸ ದಾರದ್ದು, ಹಲ್ಲಿಗೆ ಆಕಾರ ಕೊಡುವುದು ರಬ್ಬರಿನದು, ಸವೆತ ತಡೆಯುವುದು ಬಟ್ಟೆಯದು. ಈ ಮೂರನ್ನೂ ಒಂದಾಗಿ ಹಿಡಿದಿಡುವುದು ಅಂಟು. ಒಳ್ಳೆಯ ಬೆಲ್ಟ್‌ಗೂ ಕಳಪೆ ಬೆಲ್ಟ್‌ಗೂ ಇರುವ ವ್ಯತ್ಯಾಸದ ಬಹುಪಾಲು ಈ ದಾರ ಮತ್ತು ಅಂಟಿನಲ್ಲೇ ಇದೆ, ಹೊರಗೆ ಕಾಣುವ ರಬ್ಬರಿನಲ್ಲಲ್ಲ.

ಆದ್ದರಿಂದ ದಾರದಿಂದಲೇ ಶುರು ಮಾಡೋಣ. ಬಹುತೇಕ ಟೈಮಿಂಗ್ ಬೆಲ್ಟ್‌ಗಳ ಬೆನ್ನೆಲುಬು ಗಾಜಿನ ನಾರು. ಕರಗಿದ ಗಾಜನ್ನು ಸುಮಾರು 9 ಮೈಕ್ರಾನ್ ದಪ್ಪದ ಎಳೆಗಳಾಗಿ ಎಳೆಯುತ್ತಾರೆ. ಇಂಥ 200ರಷ್ಟು ಎಳೆ ಸೇರಿದರೆ ಒಂದು ಸಣ್ಣ ನೂಲು. ಸಾಮಾನ್ಯವಾಗಿ ಬಳಸುವ ಒಂದು ರಚನೆಯಲ್ಲಿ ಮೂರು ನೂಲುಗಳನ್ನು ಸೇರಿಸಿ ಹುರಿ ಮಾಡಿ, ಅಂಥ ಹನ್ನೊಂದನ್ನು ಮತ್ತೆ ಒಟ್ಟಿಗೆ ಹುರಿ ಮಾಡುತ್ತಾರೆ. ಲೆಕ್ಕ ಹಾಕಿದರೆ ಸುಮಾರು ಒಂದು ಮಿಲಿಮೀಟರ್ ದಪ್ಪದ ಒಂದು ದಾರದಲ್ಲಿ 6600 ಗಾಜಿನ ಎಳೆಗಳಿರುತ್ತವೆ. ಗಾಜು ಎಳೆತಕ್ಕೆ ಹಿಗ್ಗುವುದು ಬಹಳ ಕಡಿಮೆ, ಬಿಸಿಗೂ ಅದರ ಉದ್ದ ಹೆಚ್ಚು ಬದಲಾಗುವುದಿಲ್ಲ. ಆದರೆ ಅದಕ್ಕೆ ಎರಡು ದೌರ್ಬಲ್ಯಗಳಿವೆ. ಎಳೆಗಳು ಒಂದಕ್ಕೊಂದು ಉಜ್ಜಿದರೆ ಗೀರು ಬಿದ್ದು ತುಂಡಾಗುತ್ತವೆ, ತೇವ ತಾಗಿದರೆ ನಿಧಾನವಾಗಿ ಶಕ್ತಿ ಕಳೆದುಕೊಳ್ಳುತ್ತವೆ.

ಈ ಎರಡಕ್ಕೂ ಮದ್ದು ಆರ್‌ಎಫ್‌ಎಲ್ ಎಂಬ ಲೇಪ. ರೆಸಾರ್ಸಿನಾಲ್ ಮತ್ತು ಫಾರ್ಮಾಲ್ಡಿಹೈಡ್ ಸೇರಿಸಿದ ರಾಳವನ್ನು ಲೇಟೆಕ್ಸ್ ಎಂಬ ಹಾಲಿನಂಥ ರಬ್ಬರ್ ದ್ರವದಲ್ಲಿ ಬೆರೆಸಿ, ಹುರಿ ಮಾಡುವ ಮುನ್ನವೇ ನೂಲನ್ನು ಅದರಲ್ಲಿ ಅದ್ದಿ ಒಲೆಯಲ್ಲಿ ಒಣಗಿಸುತ್ತಾರೆ. ಹುರಿಯಾದ ಮೇಲೆ ಅದ್ದಿದರೆ ಪ್ರಯೋಜನವಿಲ್ಲ, ಏಕೆಂದರೆ ಲೇಪ ಹೊರಮೈಗಷ್ಟೇ ಹತ್ತಿ ಒಳಗಿನ ಎಳೆಗಳು ಬರಿದಾಗಿಯೇ ಉಳಿದುಬಿಡುತ್ತವೆ. ಸಿದ್ಧ ದಾರದ ತೂಕದಲ್ಲಿ ಐದನೇ ಒಂದರಷ್ಟು ಈ ಲೇಪವೇ ಇರುತ್ತದೆ ಎಂದರೆ ಅದರ ಮಹತ್ವ ತಿಳಿಯುತ್ತದೆ. ಎಳೆ ಎಳೆಯ ನಡುವೆ ಮೆತ್ತೆಯಂತೆ ನಿಂತು ಉಜ್ಜುವಿಕೆ ತಡೆಯುವುದು, ತೇವವನ್ನು ದೂರವಿಡುವುದು, ಗಾಜಿಗೂ ರಬ್ಬರಿಗೂ ನಂಟು ಕಟ್ಟುವುದು, ಮೂರೂ ಅದರದೇ ಕೆಲಸ. ಅದರ ಮೇಲೆ, ಬೆಲ್ಟಿನ ರಬ್ಬರಿಗೆ ಹೊಂದುವ ಇನ್ನೊಂದು ಅಂಟಿನ ಲೇಪ ಬರುತ್ತದೆ. ಒಣಗಿಸುವ ಒಲೆಯ ಕಾವು ಕಡಿಮೆಯಾದರೆ ಲೇಪ ಹಸಿಯಾಗಿ ಉಳಿಯುತ್ತದೆ, ಹೆಚ್ಚಾದರೆ ಅದರ ಮೇಲ್ಮೈ ಸತ್ತು ರಬ್ಬರನ್ನು ಹಿಡಿಯುವುದಿಲ್ಲ. ಎರಡೂ ತಪ್ಪು ಹೊಸ ಬೆಲ್ಟ್‌ನಲ್ಲಿ ಕಣ್ಣಿಗೆ ಬೀಳುವುದಿಲ್ಲ. ರಬ್ಬರಿನಿಂದ ದಾರವನ್ನು ಕಿತ್ತು ಬಲ ಅಳೆಯುವ ಪರೀಕ್ಷೆಯಲ್ಲಿ ಮಾತ್ರ ಸಿಕ್ಕಿಬೀಳುತ್ತವೆ.

ಹುರಿ ಮಾಡಿದ ಯಾವ ದಾರವೂ ಎಳೆದಾಗ ಬಿಚ್ಚಿಕೊಳ್ಳಲು ನೋಡುತ್ತದೆ. ಎಲ್ಲ ದಾರಗಳ ಹುರಿಯೂ ಒಂದೇ ದಿಕ್ಕಿನದಾದರೆ ಬೆಲ್ಟ್ ಪುಲ್ಲಿಯ ಒಂದು ಬದಿಗೆ ಜಾರುತ್ತ ಹೋಗುತ್ತದೆ. ಆದ್ದರಿಂದ ಎಡ ಹುರಿಯ ಒಂದು, ಬಲ ಹುರಿಯ ಒಂದು, ಹೀಗೆ ಜೋಡಿ ದಾರಗಳನ್ನು ಪಕ್ಕಪಕ್ಕದಲ್ಲೇ ಸುತ್ತುತ್ತಾರೆ. ಒಂದರ ತಿರುಚನ್ನು ಇನ್ನೊಂದು ಸರಿದೂಗಿಸುತ್ತದೆ.

ರಬ್ಬರಿನ ವಿಷಯಕ್ಕೆ ಬಂದರೆ, ಮೊದಲ ತಲೆಮಾರಿನ ಬೆಲ್ಟ್‌ಗಳು ನಿಯೋಪ್ರೀನ್ ಎಂಬ ಕೃತಕ ರಬ್ಬರಿನವು. 1962ರಲ್ಲಿ ಜರ್ಮನಿಯ ಗ್ಲಾಸ್ 1004 ಕಾರು ಓವರ್‌ಹೆಡ್ ಕ್ಯಾಮ್‌ಶಾಫ್ಟನ್ನು ಹಲ್ಲಿನ ರಬ್ಬರ್ ಬೆಲ್ಟಿನಿಂದ ತಿರುಗಿಸಿ ದೊಡ್ಡ ಸಂಖ್ಯೆಯ ತಯಾರಿಕೆಗೆ ದಾರಿ ತೆರೆಯಿತು. ಎಂಜಿನ್ ಕೋಣೆ ಇಕ್ಕಟ್ಟಾಗಿ ಕಾವು ಹೆಚ್ಚಿದಂತೆ ನಿಯೋಪ್ರೀನ್ ಬೇಗ ಗಟ್ಟಿಯಾಗಿ ಬಿರುಕು ಬಿಡತೊಡಗಿತು. ಈಗ ಬಳಸುವುದು ಎಚ್‌ಎನ್‌ಬಿಆರ್, ಅಂದರೆ ಹೈಡ್ರೋಜನ್ ಸೇರಿಸಿದ ನೈಟ್ರೈಲ್ ರಬ್ಬರ್. ಕಾವು ಮತ್ತು ಓಝೋನ್ ರಬ್ಬರಿನ ಅಣುಸರಪಳಿಯನ್ನು ಕಡಿಯುವುದು ಅದರ ದ್ವಿಬಂಧಗಳ ಜಾಗದಲ್ಲಿ. ಹೈಡ್ರೋಜನ್ ಸೇರಿಸಿ ಆ ದ್ವಿಬಂಧಗಳನ್ನು ಬಹುಮಟ್ಟಿಗೆ ಮುಚ್ಚಿಬಿಟ್ಟರೆ ದಾಳಿಗೆ ಜಾಗವೇ ಉಳಿಯುವುದಿಲ್ಲ, ನೈಟ್ರೈಲ್ ಭಾಗದಿಂದ ಬರುವ ಎಣ್ಣೆ ತಡೆಯುವ ಗುಣ ಮಾತ್ರ ಹಾಗೆಯೇ ಇರುತ್ತದೆ.

ಇದಕ್ಕೆ ಕಾರ್ಬನ್ ಬ್ಲ್ಯಾಕ್, ಝಿಂಕ್ ಆಕ್ಸೈಡ್, ಮುಪ್ಪು ತಡೆಯುವ ರಾಸಾಯನಿಕಗಳು, ಕೆಲವೊಮ್ಮೆ ಅರಾಮಿಡ್ ನಾರಿನ ಸಣ್ಣ ತುಣುಕುಗಳನ್ನು ಸೇರಿಸಿ ಮುಚ್ಚಿದ ಮಿಕ್ಸರ್‌ನಲ್ಲಿ ಕಲಸುತ್ತಾರೆ. ಕಲಸುವುದು ಎರಡು ಹಂತದಲ್ಲಿ. ಮೊದಲ ಹಂತದಲ್ಲಿ ಉಜ್ಜುವಿಕೆಯಿಂದಲೇ ಮಿಶ್ರಣ 140 ಡಿಗ್ರಿವರೆಗೂ ಕಾಯಬಹುದು. ತಣಿದ ಮೇಲೆ ಎರಡನೇ ಹಂತದಲ್ಲಿ, ಸುಮಾರು 110 ಡಿಗ್ರಿ ದಾಟದಂತೆ ನೋಡಿಕೊಂಡು, ರಬ್ಬರನ್ನು ಬೇಯಿಸುವ ಪೆರಾಕ್ಸೈಡ್ ಅಥವಾ ಗಂಧಕವನ್ನು ಸೇರಿಸುತ್ತಾರೆ. ಇದನ್ನು ಮೊದಲೇ ಹಾಕಿದರೆ ಮಿಕ್ಸರ್‌ನಲ್ಲೇ ರಬ್ಬರ್ ಬೆಂದು ಹಾಳು. ಪ್ರತಿ ಬ್ಯಾಚಿನ ಸಣ್ಣ ತುಂಡೊಂದನ್ನು ರಿಯೋಮೀಟರ್‌ಗೆ ಹಾಕಿ, ಎಷ್ಟು ಹೊತ್ತಿಗೆ ಬೇಯಲು ಶುರುವಾಗುತ್ತದೆ, ಎಷ್ಟು ಹೊತ್ತಿಗೆ ಪೂರ್ತಿ ಬೇಯುತ್ತದೆ ಎಂದು ನೋಡಿಯೇ ಮುಂದಕ್ಕೆ ಬಿಡುತ್ತಾರೆ. ಆಮೇಲೆ ಕ್ಯಾಲೆಂಡರ್ ರೋಲರ್‌ಗಳ ನಡುವೆ ಹಾಯಿಸಿ ಒಂದೇ ದಪ್ಪದ ಹಾಳೆ ಮಾಡುತ್ತಾರೆ.

ಹಲ್ಲಿನ ಮೇಲೆ ಕಾಣುವ ಬಟ್ಟೆ ನೈಲಾನ್ 6,6. ಇದು ಒಂದು ದಿಕ್ಕಿಗೆ ಚೆನ್ನಾಗಿ ಹಿಗ್ಗಬೇಕು. ಹಳೆಯ ಟ್ರೆಪಿಜಾಯ್ಡ್ ಆಕಾರದ ಹಲ್ಲಿನ ಎತ್ತರ ಸುಮಾರು 1.9 ಮಿ.ಮೀ.; ಅದರ ಏರು, ತುದಿ, ಇಳಿಜಾರು ಎಲ್ಲವನ್ನೂ ಹಾಯ್ದು ಬರುವಾಗ ಬಟ್ಟೆಯ ದಾರಿ ನೇರ ಅಳತೆಗಿಂತ ಕಾಲು ಭಾಗದಷ್ಟು ಉದ್ದವಾಗುತ್ತದೆ. ಆಳವಾದ ದುಂಡು ಹಲ್ಲುಗಳಲ್ಲಿ ಇನ್ನೂ ಹೆಚ್ಚು. ಅದಕ್ಕೇ ಹಾಸಿನ (ನೇಯ್ಗೆಯ ಉದ್ದ) ಎಳೆಗೆ ಸಾಮಾನ್ಯ ನೂಲು, ಹೊಕ್ಕಿನ (ಅಡ್ಡ) ಎಳೆಗೆ ಗುಂಗುರಾದ ಹಿಗ್ಗುವ ನೂಲು ಬಳಸಿ ನೇಯುತ್ತಾರೆ. ಹೊಕ್ಕು ಬೆಲ್ಟಿನ ಉದ್ದಕ್ಕೆ ಬರುವಂತೆ ಬಟ್ಟೆಯನ್ನು ಕೊಳವೆಯಾಗಿ ಹೊಲಿಯುತ್ತಾರೆ. ಸವೆತ ಕಡಿಮೆ ಮಾಡಲು ಟೆಫ್ಲಾನ್ ಜಾತಿಯ ಪುಡಿ ಬೆರೆಸಿದ ಲೇಪ ಕೊಡುವುದೂ ಉಂಟು.

ಇನ್ನು ಅಚ್ಚು. ಇದು ಹೊರಮೈಯಲ್ಲಿ ಉದ್ದುದ್ದ ತೋಡುಗಳಿರುವ ಲೋಹದ ಉರುಳೆ. ಒಂದು ತೋಡಿಗೆ ಬೆಲ್ಟಿನ ಒಂದು ಹಲ್ಲು. ಇದರ ವ್ಯಾಸ ನಿರ್ಧರಿಸುವುದರಲ್ಲೇ ತಯಾರಕರ ಕೌಶಲವಿದೆ. 121 ಹಲ್ಲಿನ ಬೆಲ್ಟಿನ ಉದ್ದ 121 × 9.525, ಅಂದರೆ 1152.5 ಮಿ.ಮೀ. ಆದರೆ ಈ ಉದ್ದ ಇರುವುದು ದಾರದ ನಡುಗೆರೆಯಲ್ಲಿ, ಅಚ್ಚಿನ ಮೇಲ್ಮೈಯಲ್ಲಲ್ಲ. ದಾರದ ಕೆಳಗೆ ಬಟ್ಟೆಯೂ ತೆಳು ರಬ್ಬರೂ ಇರುವುದರಿಂದ ದಾರದ ನಡುಗೆರೆ ಮೇಲ್ಮೈಯಿಂದ 0.686 ಮಿ.ಮೀ. ಮೇಲಿರುತ್ತದೆ. ಹಾಗಾಗಿ ದಾರದ ವೃತ್ತದ ವ್ಯಾಸ 366.86 ಬಂದರೆ ಅಚ್ಚಿನ ವ್ಯಾಸ 365.49 ಮಿ.ಮೀ. ಆಗಬೇಕು. ಈಗ ಬಟ್ಟೆ 0.05 ಮಿ.ಮೀ.ನಷ್ಟು ದಪ್ಪಗೆ ಬಂದಿತೆಂದುಕೊಳ್ಳಿ. ದಾರ ಅಷ್ಟು ಮೇಲಕ್ಕೆ ಹೋಗಿ ಬೆಲ್ಟಿನ ಉದ್ದ 0.3 ಮಿ.ಮೀ. ಹೆಚ್ಚಾಗುತ್ತದೆ. ಬಟ್ಟೆಯ ದಪ್ಪದ ಬಗ್ಗೆ ಅಷ್ಟೊಂದು ಕಟ್ಟುನಿಟ್ಟು ಏಕೆಂಬುದಕ್ಕೆ ಇದೇ ಉತ್ತರ.

ಲೆಕ್ಕ ಇಲ್ಲಿಗೇ ಮುಗಿಯುವುದಿಲ್ಲ. ಉಕ್ಕಿನ ಅಚ್ಚು 25ರಿಂದ 165 ಡಿಗ್ರಿಗೆ ಕಾದರೆ ಅದರ ವ್ಯಾಸ 0.6 ಮಿ.ಮೀ. ಹತ್ತಿರ ಹಿಗ್ಗುತ್ತದೆ, ಅಲ್ಯೂಮಿನಿಯಮ್ ಆದರೆ ಅದರ ಎರಡರಷ್ಟು. ಗಾಜಿನ ದಾರ ಅಷ್ಟು ಹಿಗ್ಗುವುದಿಲ್ಲವಾದ್ದರಿಂದ ಬೇಯುವಾಗ ದಾರ ಇನ್ನಷ್ಟು ಬಿಗಿಯಾಗುತ್ತದೆ. ಅಚ್ಚಿನಿಂದ ಬಿಡಿಸಿದ ಕೂಡಲೇ ಆ ಬಿಗಿ ಸಡಿಲಿ ಬೆಲ್ಟ್ ಕೊಂಚ ಕುಗ್ಗುತ್ತದೆ. ಆದ್ದರಿಂದ ಹೊಸ ಅಚ್ಚು ಮಾಡುವಾಗ ಬರೀ ಸೂತ್ರ ಸಾಲದು. ಆ ದಾರ, ಆ ರಬ್ಬರ್, ಆ ಕಾವಿಗೆ ಎಷ್ಟು ಕುಗ್ಗುತ್ತದೆಂದು ಪ್ರಯೋಗದ ಸ್ಲೀವ್ ಅಳೆದು ತಿದ್ದುಪಡಿ ಕೊಡಬೇಕು. ನಾಳೆ ಬೇರೆ ದಾರ ಬಳಸಿದರೆ ಅದೇ ಅಚ್ಚಿನಿಂದ ಬರುವ ಬೆಲ್ಟಿನ ಉದ್ದವೂ ಬೇರೆಯಾಗಬಹುದು.

ಕಟ್ಟುವ ಕ್ರಮ ಹೀಗೆ. ಅಚ್ಚಿಗೆ ಬಿಡಿಸುವ ದ್ರವ ಹಚ್ಚಿ, ಬಟ್ಟೆಯ ಕೊಳವೆಯನ್ನು ಅದರ ಮೇಲೆ ಬಿಗಿಯಾಗಿ ತೊಡಿಸುತ್ತಾರೆ. ಈ ಹೊತ್ತಿನಲ್ಲಿ ಬಟ್ಟೆ ತೋಡುಗಳ ಮೇಲೆ ಚಪ್ಪಟೆಯಾಗಿಯೇ ಇರುತ್ತದೆ. ಅಚ್ಚನ್ನು ಲೇತ್‌ನಂಥ ಯಂತ್ರದಲ್ಲಿ ತಿರುಗಿಸುತ್ತ, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಜೋಡಿ ದಾರಗಳನ್ನು ಸುರುಳಿಯಾಗಿ ಸುತ್ತುತ್ತ ಹೋಗುತ್ತಾರೆ. ದಾರದ ಬಿಗಿ ಮೊದಲಿಂದ ಕೊನೆಯವರೆಗೆ ಒಂದೇ ಸಮ ಇರಬೇಕು. ನಡುವೆ ಬಿಗಿ ಸಡಿಲವಾದರೆ ಒಂದೇ ಸ್ಲೀವಿನ ಈ ತುದಿಯ ಬೆಲ್ಟಿಗೂ ಆ ತುದಿಯ ಬೆಲ್ಟಿಗೂ ಉದ್ದ ಬೇರೆಯಾಗುತ್ತದೆ. ಸುತ್ತು ಸುತ್ತಿನ ನಡುವಿನ ಕಿರು ಸಂದು ಇನ್ನೂ ಮುಖ್ಯ, ಏಕೆಂದರೆ ರಬ್ಬರ್ ಮೇಲಿನಿಂದ ಹಲ್ಲಿನ ತೋಡಿಗೆ ಇಳಿಯಬೇಕಾದ ದಾರಿ ಅದೊಂದೇ. ದಾರದ ನಡುವಿಂದ ನಡುವಿಗೆ 1.4 ಮಿ.ಮೀ. ಇಟ್ಟರೆ 25.4 ಮಿ.ಮೀ. ಬೆಲ್ಟಿನಲ್ಲಿ 18 ದಾರ ಬರುತ್ತವೆ. ಇನ್ನಷ್ಟು ಒತ್ತಾಗಿ ಸುತ್ತಿದರೆ ಬಲ ಹೆಚ್ಚುತ್ತದೆ ಎನಿಸಬಹುದು. ಆದರೆ ಸಂದು ಮುಚ್ಚಿಹೋಗಿ ಹಲ್ಲು ಅರೆಬರೆ ತುಂಬುತ್ತದೆ, ದಾರದ ಮೇಲಿನ ರಬ್ಬರಿಗೂ ಕೆಳಗಿನ ರಬ್ಬರಿಗೂ ನಂಟು ತೆಳುವಾಗುತ್ತದೆ.

ದಾರದ ಮೇಲೆ ಹಸಿ ರಬ್ಬರ್ ಹಾಳೆ ಸುತ್ತಿ, ಅದರ ಮೇಲೆ ರಬ್ಬರಿನ ಹೊರ ಚೀಲ ತೊಡಿಸಿ, ಇಡೀ ಅಚ್ಚನ್ನು ಉಗಿ ಪಾತ್ರೆಯೊಳಗೆ ಇಳಿಸುತ್ತಾರೆ. ಮೊದಲು ಒಳಗಿನ ಗಾಳಿ ಹೊರಹೋಗಬೇಕು. ಹೊರಗಿನ ಉಗಿ ಚೀಲವನ್ನು ಸುತ್ತಲಿಂದ ಒತ್ತುತ್ತದೆ. 180 ಡಿಗ್ರಿಯ ಉಗಿಯ ಒತ್ತಡ ಸುಮಾರು 10 ಬಾರ್. ಕಾವಿಗೆ ಮೆತ್ತಗಾದ ರಬ್ಬರ್ ದಾರಗಳ ಸಂದಿನಲ್ಲಿ ನುಸುಳಿ ಕೆಳಗಿಳಿದು, ತನ್ನ ಮುಂದಿರುವ ಬಟ್ಟೆಯನ್ನು ಹಿಗ್ಗಿಸುತ್ತ ತೋಡಿನ ಮೂಲೆಮೂಲೆಗೂ ಒತ್ತುತ್ತದೆ. ಹಲ್ಲು ಹುಟ್ಟುವುದು ಆ ಕೆಲವು ನಿಮಿಷಗಳಲ್ಲಿ. ಹರಿದು ತುಂಬುವುದು ಮುಗಿದ ಮೇಲಷ್ಟೇ ರಬ್ಬರ್ ಬೇಯಬೇಕು. ಮಿಶ್ರಣ ಹಳತಾಗಿದ್ದರೆ ಅಥವಾ ಅಚ್ಚು ಮೊದಲೇ ಹೆಚ್ಚು ಕಾದಿದ್ದರೆ ರಬ್ಬರ್ ದಾರಿಯಲ್ಲೇ ಗಟ್ಟಿಯಾಗಿ ಹಲ್ಲಿನ ಮೂಲೆ ಮೊಂಡಾಗುತ್ತದೆ. ಗಾಳಿ ಸಿಕ್ಕಿಕೊಂಡರೂ ಅದೇ ಗತಿ. ರಬ್ಬರ್ ಅತಿಯಾಗಿ ನೀರಾದರೆ ಇನ್ನೊಂದು ಕಾಟ: ನೇಯ್ಗೆಯ ನಡುವೆ ತೂರಿ ಹಲ್ಲಿನ ಮುಖಕ್ಕೇ ಬಂದುಬಿಡುತ್ತದೆ, ಅಂಥ ಬೆಲ್ಟ್ ಪುಲ್ಲಿಗೆ ಉಜ್ಜಿ ಸದ್ದು ಮಾಡುತ್ತದೆ.

ಇದರ ಬದಲು, ಬಟ್ಟೆಗೂ ಹಲ್ಲಿನ ರಬ್ಬರಿಗೂ ಮೊದಲೇ ಹಲ್ಲಿನ ಆಕಾರ ಕೊಟ್ಟು, ಆಮೇಲೆ ದಾರ ಸುತ್ತಿ, ಬೆನ್ನಿನ ರಬ್ಬರ್ ಹಾಕಿ ಬೇಯಿಸುವ ಪದ್ಧತಿಯೂ ಇದೆ. ಇದರಲ್ಲಿ ರಬ್ಬರ್ ದಾರದ ನಡುವೆ ತೂರಿ ಹೋಗಬೇಕಾಗಿಲ್ಲ. ಹಾಗಾಗಿ ಹಲ್ಲಿಗೆ ನಾರು ಬೆರೆಸಿದ ಗಟ್ಟಿ ರಬ್ಬರ್, ಬೆನ್ನಿಗೆ ಬಾಗುವ ರಬ್ಬರ್ ಎಂದು ಬೇರೆಬೇರೆ ಬಳಸಬಹುದು. ಹೊರೆ ಹೆಚ್ಚಿರುವ ಎಂಜಿನ್‌ಗಳಿಗೆ ಇದೇ ಉತ್ತಮ ಎಂಬುದು ನನ್ನ ಅಭಿಪ್ರಾಯ, ಕೆಲಸ ಹೆಚ್ಚಾದರೂ.

ಬೆಂದ ಮೇಲೆ ತಣಿಸಿ, ಸ್ಲೀವನ್ನು ಅಚ್ಚಿನಿಂದ ನೇರವಾಗಿ ಉದ್ದಕ್ಕೆ ಜಾರಿಸಿ ತೆಗೆಯುತ್ತಾರೆ. ತೋಡುಗಳು ಉದ್ದುದ್ದ ಇರುವುದರಿಂದ ಹಲ್ಲು ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ. ನಂತರ ಎರಡು ಉರುಳೆಗಳ ಮೇಲೆ ಓಡಿಸುತ್ತ ಬೆನ್ನನ್ನು ಸಾಣೆ ಹಿಡಿಯುತ್ತಾರೆ. ಎಂಜಿನ್‌ನಲ್ಲಿ ಬೆಲ್ಟನ್ನು ಬಿಗಿಯಾಗಿಡುವ ಟೆನ್ಶನರ್ ಉರುಳೆ ಒತ್ತುವುದು ಬೆನ್ನಿನ ಮೇಲೆ. ದಪ್ಪ ಏರುಪೇರಾದರೆ ಪ್ರತಿ ಸುತ್ತಿನಲ್ಲೂ ಬಿಗಿ ಏರಿಳಿಯುತ್ತದೆ. ಮೇಲೆ ಪಾರ್ಟ್ ನಂಬರ್, ತಯಾರಿಕೆಯ ಕೋಡ್, ಬೇಕಿದ್ದರೆ ಟೈಮಿಂಗ್ ಗೆರೆಗಳನ್ನು ಅಚ್ಚು ಹಾಕಿ, ಅಗಲಕ್ಕೆ ತಕ್ಕಂತೆ ಕತ್ತರಿಸುತ್ತಾರೆ.

ಹಳೆಯ ಬೆಲ್ಟ್ ಇನ್ನೂ ಕೈಯಲ್ಲಿದ್ದರೆ ಭೂತಗನ್ನಡಿ ಹಿಡಿದು ನೋಡಿ. ಹಲ್ಲಿನ ಬದಿಯಲ್ಲಿ ಎಲ್ಲೋ ಒಂದು ಕಡೆ ಬಟ್ಟೆಯ ಹೊಲಿಗೆಯ ಅಡ್ಡಗೆರೆ ಕಾಣಬಹುದು. ಕತ್ತರಿಸಿದ ಅಂಚಿನಲ್ಲಿ ಒಂದು ಜಾಗದಲ್ಲಿ ದಾರ ಓರೆಯಾಗಿ ಹೊರಬಂದಿರುತ್ತದೆ, ಸುರುಳಿಯಾಗಿ ಸುತ್ತಿದ್ದನ್ನು ನೇರ ಕತ್ತರಿಸಿದ್ದರ ಗುರುತು ಅದು. ರಬ್ಬರ್ ಹಾಳೆಯ ಸೇರುಗೆ ಮಾತ್ರ ಬೇಯುವಾಗ ಒಂದಾಗಿ ಮಾಯವಾಗಿರುತ್ತದೆ.

ಕಾರ್ಖಾನೆಯಲ್ಲಿ ಉದ್ದ ಅಳೆಯುವುದು ಟೇಪಿನಿಂದಲ್ಲ. ಎರಡು ಪುಲ್ಲಿಗಳ ಮೇಲೆ ನಿಗದಿತ ಭಾರ ಹಾಕಿ ಓಡಿಸಿ, ಅವುಗಳ ನಡುವಿನ ಅಂತರ ಅಳೆಯುತ್ತಾರೆ. ಕಾರಿನ ಬೆಲ್ಟ್‌ಗಳ ಅಳತೆಗೆ ಐಎಸ್‌ಒ 9010, ಭೌತಿಕ ಗುಣಗಳ ಪರೀಕ್ಷೆಗೆ ಐಎಸ್‌ಒ 12046 ಮಾನದಂಡಗಳಿವೆ. ಮಾದರಿಗಳ ಮೇಲೆ ಹಲ್ಲು ಕಿತ್ತುಬರುವ ಬಲ, ಬೆಲ್ಟ್ ಹರಿಯುವ ಬಲ, ಗಡಸುತನ ನೋಡುತ್ತಾರೆ. ಜೊತೆಗೆ ಬಿಸಿ ಪೆಟ್ಟಿಗೆಯಲ್ಲಿ ಓಡಿಸಿ, ಕೊರೆಯುವ ಚಳಿಯಲ್ಲಿ ಸ್ಟಾರ್ಟ್ ಮಾಡಿ, ಎಣ್ಣೆ, ನೀರು ತಾಗಿಸಿ ಬಾಳಿಕೆ ಪರೀಕ್ಷಿಸುತ್ತಾರೆ.

ಈಗ ನಿಮ್ಮ ಎರಡನೇ ಪ್ರಶ್ನೆ. ಬದಲಾಯಿಸಿದ್ದು ಸರಿ. ನಿಯೋಪ್ರೀನ್ ಬೆಲ್ಟ್ ಮುಪ್ಪಾದಾಗ ಬೆನ್ನಿನಲ್ಲಿ ಬಿರುಕು ತೋರಿಸುತ್ತಿತ್ತು. ಎಚ್‌ಎನ್‌ಬಿಆರ್ ಬೆಲ್ಟ್ ಬಹಳ ಕಾಲ ಹೊಸದರಂತೆಯೇ ಕಾಣುತ್ತದೆ, ಒಳಗೆ ದಾರ ಮಾತ್ರ ಬಾಗಿ ಬಾಗಿ ದಣಿಯುತ್ತಲೇ ಇರುತ್ತದೆ. ಆ ದಣಿವು ಕಣ್ಣಿಗೂ ಕೈಗೂ ಸಿಗುವುದಿಲ್ಲ. ಆದ್ದರಿಂದ ಕಾರಿನ ಕೈಪಿಡಿಯಲ್ಲಿ ಕಿಲೋಮೀಟರ್ ಮತ್ತು ವರ್ಷ ಎರಡನ್ನೂ ಕೊಟ್ಟಿದ್ದರೆ, ಯಾವುದು ಮೊದಲು ಬರುತ್ತದೋ ಅದಕ್ಕೇ ಬದಲಾಯಿಸಬೇಕು. ಪಿಸ್ಟನ್‌ಗೂ ತೆರೆದ ವಾಲ್ವ್‌ಗೂ ಒಂದೇ ಜಾಗದಲ್ಲಿ ಓಡಾಟವಿರುವ ಎಂಜಿನ್‌ನಲ್ಲಿ ಬೆಲ್ಟ್ ಕಡಿದರೆ ವಾಲ್ವ್‌ಗಳು ಬಾಗುತ್ತವೆ.

ಕೆಟ್ಟ ಬೆಲ್ಟ್ ತನ್ನ ಕಾರಣವನ್ನು ತಾನೇ ಹೇಳುತ್ತದೆ. ಅಡ್ಡಕ್ಕೆ ನೇರವಾಗಿ, ಕತ್ತರಿಸಿದಂತೆ ತುಂಡಾಗಿದ್ದರೆ ಹಾಕುವ ಮೊದಲೇ ಯಾರೋ ಅದನ್ನು ಮಡಚಿದ್ದಾರೆ ಎಂದು ಅನುಮಾನಿಸಿ. ಗಾಜಿನ ಎಳೆಗಳು ಆ ಮಡಿಕೆಯಲ್ಲೇ ಮುರಿದಿರುತ್ತವೆ. ಸಾಲಾಗಿ ಕೆಲವು ಹಲ್ಲು ಕಿತ್ತುಹೋಗಿದ್ದರೆ ವಾಟರ್ ಪಂಪ್, ಕ್ಯಾಮ್‌ಶಾಫ್ಟ್ ಅಥವಾ ಉರುಳೆಯ ಬೇರಿಂಗ್ ಬಿಗಿ ಹಿಡಿದಿದೆಯೇ ನೋಡಿ. ಹಲ್ಲಿನ ಬುಡದಲ್ಲಿ ಬಿರುಕಿದ್ದರೆ ಬಿಗಿ ಕಡಿಮೆಯಾಗಿತ್ತು. ಹಲ್ಲು ಹಲ್ಲಿನ ನಡುವಿನ ತಗ್ಗು ಹೊಳಪಾಗಿ ಸವೆದಿದ್ದರೆ ಬಿಗಿ ಹೆಚ್ಚಾಗಿತ್ತು. ಒಂದೇ ಅಂಚು ತಿಂದುಹೋಗಿದ್ದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ. ರಬ್ಬರ್ ಉಬ್ಬಿ ಮೆತ್ತಗಾಗಿದ್ದರೆ ಸೀಲ್‌ನಿಂದ ಎಣ್ಣೆ ಸೋರಿದೆ, ಆ ಸೀಲ್ ಬದಲಾಯಿಸದೆ ಹೊಸ ಬೆಲ್ಟ್ ಹಾಕಿ ಫಲವಿಲ್ಲ. ಎಂಜಿನ್ ಎಣ್ಣೆಯಲ್ಲೇ ಓಡುವಂತೆ ರೂಪಿಸಿದ ಬೆಲ್ಟ್‌ಗಳದು ಬೇರೆ ಮಿಶ್ರಣ. ಅವುಗಳಿಗೂ ಹೇಳಿದ ದರ್ಜೆಯದಲ್ಲದ ಎಣ್ಣೆ ಅಥವಾ ಪೆಟ್ರೋಲ್ ಬೆರೆತು ತೆಳುವಾದ ಎಣ್ಣೆ ಆಗಿಬರುವುದಿಲ್ಲ.

ಹೊಸ ಬೆಲ್ಟನ್ನು ಬೆರಳಿನ ಸುತ್ತ ಸುತ್ತಬೇಡಿ, ಹಲ್ಲು ಹೊರಗೆ ಬರುವಂತೆ ತಿರುವಿ ನೋಡಬೇಡಿ, ಸ್ಕ್ರೂಡ್ರೈವರ್ ಮೀಟಿ ಪುಲ್ಲಿಗೆ ಏರಿಸಲು ಯಾರಿಗೂ ಬಿಡಬೇಡಿ. ಟೆನ್ಶನರ್ ಸಡಿಲಿಸಿದರೆ ಅದು ಕೈಯಿಂದಲೇ ಏರುತ್ತದೆ. ಟೆನ್ಶನರ್ ಮತ್ತು ಉರುಳೆಗಳನ್ನು ಬೆಲ್ಟಿನ ಜೊತೆಗೇ ಬದಲಾಯಿಸಿ, ವಾಟರ್ ಪಂಪ್ ಇದೇ ಬೆಲ್ಟಿನಿಂದ ತಿರುಗುತ್ತಿದ್ದರೆ ಅದನ್ನೂ. ಡಬ್ಬಿಯಿಂದ ತೆಗೆದಾಗ ಎಲ್ಲಾದರೂ ಚೂಪಾದ ಮಡಿಕೆಯ ಗುರುತು ಕಂಡರೆ, ಕೈಯಿಂದ ನೀವಿದರೆ ಅದು ಮಾಯವಾದರೂ ಸರಿಯೇ, ಆ ಬೆಲ್ಟನ್ನು ಹಾಕಿಸಬೇಡಿ.